ಬೀಗದ ಮಾವ ದಾರಿ ಮಾಡಿದ್ದು

ಬೀಗ ರಿಪೇರಿ ಕೆಲಸದವನಾದ್ದರಿಂದ ಬೀದಿಯವರೆಲ್ಲ ಅವನನ್ನು ಬೀಗದ ಮಾವ ಎನ್ನುತ್ತಿದ್ದರು. ಹೊಸಬರು ಬಂದರೆ, ಇವರು ಯಾರ ಕಡೆಯ ಬೀಗರು ಎಂದು ಕೇಳಿ ನಗೆಪಾಟಲಾಗುತ್ತಿದ್ದರು. ಎಂಥ ಬಾಗಿಲನ್ನಾದರೂ ತೆರೆಯುವುದರಲ್ಲಿ ಅವನದು ಎತ್ತಿದ ಕೈ. ಸ್ವಂತ ಮನೆಯ ಬಾಗಿಲು ಮಾತ್ರ ಅರ್ಧಕ್ಕೇ ನಿಲ್ಲುತ್ತಿತ್ತು, ಏಕೆಂದರೆ ಹಿಂದೆ ಡಬ್ಬಗಳಿದ್ದವು. ಒಳಗೆ ಬೀಗವಿಲ್ಲದ ಕೀಲಿ, ಕೀಲಿಯಿಲ್ಲದ ಬೀಗ, ಸ್ಪ್ರಿಂಗು, ಕೊಂಡಿ, ತುಕ್ಕು. ಯಾರಾದರೂ ಬಂದು ಕೇಳಿದರೆ ಏನು ಮಾಡುವುದು ಎಂಬುದು ಅವನ ವಾದ. ಇದುವರೆಗೆ ಯಾರೂ ಬಂದು ಕೇಳಿರಲಿಲ್ಲ, ಆ ಮಾತು ಬೇರೆ.

ಅಂಥದೊಂದು ಡಬ್ಬಕ್ಕೆ ಎಡವಿ ಹೆಂಡತಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಗಿ, ಆಸ್ಪತ್ರೆಯಲ್ಲೇ ವಾಕರ್ ಹಿಡಿದು ನಡೆಯುವುದನ್ನು ಕಲಿತಳು. ಮನೆಗೆ ಕಳಿಸುತ್ತೇವೆಂದು ಡಾಕ್ಟರು ಹೇಳಿಹೋದ ಮೇಲೆ ಗಂಡನನ್ನು ಹತ್ತಿರ ಕರೆದು, ದನಿ ಏರಿಸದೆ ಹೇಳಿದಳು.

"ನಾಳೆ ಬರ್ತೀನಿ. ಬಾಗಿಲಿಂದ ಮಂಚದವರೆಗೆ ಈ ವಾಕರ್ ಹೋದ್ರೆ ಸರಿ. ಹೋಗ್ಲಿಲ್ಲ ಅಂದ್ರೆ ಬಂದ ಆಟೋದಲ್ಲೇ ತಂಗಿ ಮನೆಗೆ ಹೋಗ್ತೀನಿ. ಆಮೇಲೆ ಕರೀಬೇಡಿ."

ಕೂಗಾಡಿದ್ದರೆ ಅವನು ಅಷ್ಟು ಹೆದರುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಅಕ್ಕನ ಜೊತೆಗಿದ್ದ ತಂಗಿ ಭಾವನಿಗೆ ಉಪಾಯ ಹೇಳಿಕೊಟ್ಟಳು: ಮೂರು ಗುಡ್ಡೆ ಮಾಡಿ, ಬೇಕು ಒಂದು, ಬೇಡ ಒಂದು, ನೋಡೋಣ ಒಂದು. ಕೇಳಲು ಸುಲಭವಾಗಿತ್ತು. ಮನೆಗೆ ಬಂದು ನಿಂತರೆ ಗುಡ್ಡೆ ಹಾಕುವುದಕ್ಕೇ ಜಾಗವಿಲ್ಲ. ಜಾಗ ಮಾಡಲು ಮಂಚದ ಮೇಲೆ ಸುರಿದ. ಆಮೇಲೆ ಮಂಚವೇ ಕಾಣದಾಯಿತು. ಒಂದು ಮುರುಕು ಕೊಡೆ ಸಿಕ್ಕಿತು. ಬೇಡ. ಆದರೆ ಅದರ ಕಡ್ಡಿ ಬೀಗದೊಳಗೆ ಚುಚ್ಚಿ ನೋಡಲು ಆದೀತು, ಹಾಗಾಗಿ ಬೇಕು. ಇಷ್ಟು ದಿನ ಚುಚ್ಚಿದ್ದುಂಟೇ? ಇಲ್ಲ. ಹಾಗಾದರೆ ನೋಡೋಣ. ಹೀಗೆ ಒಂದೊಂದಕ್ಕೂ ತಲೆ ಕೆರೆದುಕೊಂಡು, ಮಧ್ಯಾಹ್ನದ ಹೊತ್ತಿಗೆ ನೋಡೋಣದ ಗುಡ್ಡೆ ಎದೆಮಟ್ಟ ಬೆಳೆಯಿತು. ಬೇಡದ ಗುಡ್ಡೆಯಲ್ಲಿ ಹಲ್ಲು ಹೋದ ಬಾಚಣಿಗೆಯೂ ಒಂಟಿ ಚಪ್ಪಲಿಯೂ ಮಾತ್ರ ಇದ್ದವು. ಎರಡೂ ಹೆಂಡತಿಯವು. ಅದನ್ನು ಕಂಡು ಅವನಿಗೇ ಒಂಥರಾ ಆಯಿತು.

ದಾರಿ ಸಾಲುತ್ತದೋ ನೋಡಲು, ವಾಕರ್ ಅಗಲದ ಸ್ಟೂಲೊಂದನ್ನು ಬಾಗಿಲಿಂದ ಮಂಚದ ಕಡೆಗೆ ತಳ್ಳಿಕೊಂಡು ಹೊರಟ. ಡಬ್ಬಗಳನ್ನು ಒಂದರ ಮೇಲೊಂದು ಪೇರಿಸಿ ಹೇಗೋ ದಾಟಿಸಿದ. ಕಿಟಕಿಯ ಬಳಿ ಸ್ಟೂಲು ಸಿಕ್ಕಿಹಾಕಿಕೊಂಡಿತು. ಅಲ್ಲಿದ್ದದ್ದು ಅವಳ ಬೆತ್ತದ ಕುರ್ಚಿ. ಬೆಳಿಗ್ಗೆ ಅದರಲ್ಲಿ ಕೂತು ತಲೆ ಬಾಚಿಕೊಳ್ಳುತ್ತಿದ್ದಳು, ಸಂಜೆ ಅದರಲ್ಲೇ ಕೂತು ಬೀದಿ ನೋಡುತ್ತಿದ್ದಳು. ಆ ಮನೆಯಲ್ಲಿ ನನ್ನದು ಎಂದು ಅವಳು ಹೇಳಿಕೊಂಡಿದ್ದು ಅದೊಂದನ್ನೇ. ಕೇಳದೆ ಮುಟ್ಟಲು ಧೈರ್ಯವಾಗದೆ ಫೋನ್ ಮಾಡಿದ.

"ನಿನ್ನ ಕುರ್ಚಿ ದಾರಿಗೆ ಅಡ್ಡ ಬರ್ತಿದೆ. ಏನ್ಮಾಡ್ಲಿ?"

ಆ ಕಡೆ ಗಾಲಿ ಉರುಳುವ ಸದ್ದು, ಯಾರದೋ ಕೆಮ್ಮು. ನಡುವೆ "ತೆಗ್ದ್ಬಿಡಿ" ಎಂದಂತೆ ಕೇಳಿಸಿತು. ಫೋನ್ ಕಟ್ಟಾಯಿತು.

ಅವನು ಸ್ಟೂಲಿನ ಮೇಲೆ ಕುಕ್ಕರಿಸಿದ. ತೆಗೆದುಬಿಡಿ ಎಂದರೇನು? ಇಲ್ಲಿ ಇನ್ನು ಕೂರುವುದಿಲ್ಲ ಎಂದೇ? ಹಾಗಿದ್ದರೆ ಬರುವ ಮನಸ್ಸೇ ಇಲ್ಲವೆಂದಾಯಿತು. ಅಥವಾ ಕುರ್ಚಿ ಹೋದರೂ ಸರಿ, ದಾರಿಯಾಗಲಿ ಎಂದೇ? ಹಾಗಾದರೆ ಬರುತ್ತಾಳೆ. ಎತ್ತ ತಿರುಗಿಸಿ ನೋಡಿದರೂ ತಲೆಬುಡ ತಿಳಿಯಲಿಲ್ಲ. ಅಷ್ಟರಲ್ಲಿ ಗುಜರಿ ಗಾಡಿಯವನು ಕೂಗುತ್ತ ಬಂದ. ಇವನು ಕುರ್ಚಿ ಎತ್ತಿಕೊಟ್ಟ.

ತಿರುಗಿ ಬಂದು ನೋಡಿದರೆ ಕಿಟಕಿಯ ಬಳಿ ಭಣಗುಟ್ಟುತ್ತಿತ್ತು. ಇಡೀ ಮನೆಯಲ್ಲಿ ಅವಳದು ಒಂದೇ ಒಂದು ಕುರ್ಚಿ. ಅದನ್ನೂ ಒಂದೇ ಮಾತಿನಲ್ಲಿ ಬಿಟ್ಟುಕೊಟ್ಟಳಲ್ಲ, ನಾನು ಮುರುಕು ಕೊಡೆಯ ಕಡ್ಡಿ ಬಿಡಲಿಲ್ಲವಲ್ಲ ಎಂದು ಅವನಿಗೆ ಬಹಳ ನಾಚಿಕೆಯಾಯಿತು. ಓಡಿಹೋಗಿ ಗಾಡಿಯವನನ್ನು ವಾಪಸ್ ಕರೆತಂದ. ಮಂಚದ ಮೇಲಿನ ಗುಡ್ಡೆಗಳನ್ನು ಬಾಚಿ ಹಾಕಿದ, ಡಬ್ಬಗಳನ್ನು ಮುಚ್ಚಳ ತೆಗೆಯದೆ ಹೊತ್ತು ಹಾಕಿದ. ತೆಗೆದರೆ ಮತ್ತೆ ನೋಡೋಣ ಎನ್ನುವುದು ಗ್ಯಾರಂಟಿ ಎಂದು ಅವನಿಗೆ ಗೊತ್ತಿತ್ತು.

ಮರುದಿನ ಆಟೋ ಬಂದು ನಿಂತಿತು. ತಂಗಿಯ ಭುಜ ಹಿಡಿದು ಇಳಿದ ಹೆಂಡತಿ, ಬ್ಯಾಗು ಆಟೋದಲ್ಲೇ ಇರಲಿ ಎಂದಳು. ಬಾಗಿಲು ಪೂರ್ತಿ ತೆರೆದಿತ್ತು. ವಾಕರ್ ಟಕ್ ಟಕ್ಕೆಂದು ಒಳಬಂತು, ಎಲ್ಲಿಯೂ ತಾಗದೆ ಮಂಚದವರೆಗೆ ಹೋಯಿತು. ಅವನು ಉಸಿರು ಬಿಟ್ಟ. ಅವಳು ಕೂರಲಿಲ್ಲ, ಕಿಟಕಿಯತ್ತ ತಿರುಗಿದಳು.

"ನನ್ನ ಕುರ್ಚಿ?"

"ನೀನೇ ತೆಗೆದುಬಿಡಿ ಅಂದ್ಯಲ್ಲ."

"ತೆಗೆದಿಡಿ ಅಂದೆ ಕಣ್ರೀ. ಒಂದು ಕಡೆ ಜೋಪಾನವಾಗಿ ತೆಗೆದಿಡಿ ಅಂದೆ."

ಅವನು, ಮಾಡಿದ್ದೆಲ್ಲ ಕೈಕೊಟ್ಟಿತೆಂದು ಬೆಪ್ಪಾಗಿ ನಿಂತ. ಅವಳ ಕಣ್ಣು ಬಾಗಿಲ ಹಿಂದೆ, ಮಂಚದ ಕೆಳಗೆ, ಮೂಲೆ ಮೂಲೆ ಹುಡುಕಿತು. ಡಬ್ಬಗಳೆಲ್ಲಿ ಎಂದು ಕೇಳಿದಳು. ಅವನ್ನೂ ಕೊಟ್ಟೆ, ನೀನು ಕುರ್ಚಿ ಬಿಟ್ಟೆಯಲ್ಲ, ಅದಕ್ಕೆ ಎಂದು ಅವನು ತೊದಲಿದ. ನಾನೆಲ್ಲಿ ಬಿಟ್ಟೆ ಎಂದಳು.

ಅವಳು ನಿಧಾನವಾಗಿ ಮಂಚದ ಮೇಲೆ ಕೂತಳು.

"ಇಷ್ಟು ವರ್ಷ ನಾನು ಬಾಯಿಬಿಟ್ಟು ಹೇಳಿದ್ದು ಒಂದೂ ನಿಮ್ಮ ಕಿವಿಗೆ ಬೀಳ್ಲಿಲ್ಲ. ಹೇಳದೇ ಇದ್ದ ಮಾತು ನೋಡಿ, ಹೇಗೆ ಕೇಳಿಸ್ತು."

ಇದು ಬೈಗುಳವೋ ಮೆಚ್ಚುಗೆಯೋ ಅವನಿಗೆ ತಿಳಿಯಲಿಲ್ಲ. ಹೊರಗೆ ಆಟೋದವನು ಹಾರ್ನ್ ಹೊಡೆದ. ಅವಳು ತಂಗಿಗೆ, ಬ್ಯಾಗು ಇಳಿಸು ಎಂದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಆಟೋದಲ್ಲಿ ನೀವು ಹೋಗಿ. ಗುಜರಿಯವನ ಹತ್ರ ಕುರ್ಚಿ ಇಸ್ಕೊಂಡು ಬನ್ನಿ. ಈಗ ನಾನು ಏನಂದೆ, ಹೇಳಿ ನೋಡೋಣ."

"ಕುರ್ಚಿ," ಎಂದ ಅವನು. ಸ್ವಲ್ಪ ಯೋಚಿಸಿ, "ಕುರ್ಚಿ ಮಾತ್ರ," ಎಂದ.