ಆಸ್ಪತ್ರೆಯಲ್ಲಿ ರಂಪಣಿ

ಗೆಳೆಯರೇ, ಇವತ್ತು ನಮ್ಮಪ್ಪ ಸರ್ಕಾರಿ ಆಸ್ಪತ್ರೆಯೊಳಗೆ ರಂಪಣಿ ಬಲೆ ಎಳೆದರು.

ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲೆ ಅಲ್ಲಿ ವಾರಕ್ಕೊಮ್ಮೆ ಅವರಿಗೆ ವ್ಯಾಯಾಮ ಮಾಡಿಸುತ್ತಾರೆ. ಫಿಸಿಯೋಥೆರಪಿ ಮೇಡಮ್ ಕಿಟಕಿಯ ಸರಳಿಗೆ ಉದ್ದನೆಯ ರಬ್ಬರ್ ಪಟ್ಟಿ ಕಟ್ಟಿ, "ಅಜ್ಜಾ, ನಿಂತಲ್ಲೇ ಮೆಲ್ಲ ಎಳೀರಿ" ಅಂದರು. ಅಪ್ಪ ಪಟ್ಟಿಯನ್ನು ಸೊಂಟಕ್ಕೆ ಒತ್ತಿ ಹಿಡಿದು ಹಿಂದಕ್ಕೆ ಹಿಂದಕ್ಕೆ ನಡೆಯತೊಡಗಿದರು, ನಾನು ಚಿಕ್ಕವಳಿದ್ದಾಗ ನಮ್ಮೂರು ಅವರ್ಸಾದ ಕಡಲ ದಂಡೆಯಲ್ಲಿ ಇಡೀ ಕೇರಿ ಸೇರಿ ಸಮುದ್ರದಿಂದ ರಂಪಣಿ ಬಲೆ ಎಳೆಯುತ್ತಿದ್ದ ಹಾಗೇ. ಸರದಿಗೆ ಕೂತಿದ್ದ ಇಬ್ಬರು ಮುದುಕರು, ಅವರೂ ಮೀನುಗಾರರೇ, ಎದ್ದು ಬಂದು ಪಟ್ಟಿಗೆ ಕೈ ಹಾಕಿದರು.

ಮೇಡಮ್ ಓಡಿ ಬಂದರು. "ಎಂತದಿದು! ಒಬ್ರೇ ಎಳೀಬೇಕು ಅಜ್ಜಾ. ಆಯಾಸ ಆದ್ರೆ?"

"ಒಬ್ಬನೇ ಎಳದ್ರೇ ಆಯಾಸ, ಡಾಕ್ಟರ್ ಬಾಯಿ" ಅಂದರು ಅಪ್ಪ.

ರಂಪಣಿಯಲ್ಲಿ ಹಗ್ಗ ಮುಟ್ಟಿದವರಿಗೆಲ್ಲ ಮೀನಿನ ಪಾಲು ಇರುತ್ತಿತ್ತು. ನನ್ನ ಪಾಲಿನ ಬಂಗಡೆಯನ್ನು ಲಂಗದ ಮಡಿಲಲ್ಲಿ ಮನೆಗೆ ತಂದದ್ದು ಇನ್ನೂ ನೆನಪಿದೆ. ಅಪ್ಪನಿಗೂ ನೆನಪಿದೆ. ಹೊರಡುವಾಗ ನೋಡಿದರೆ, ಆಸ್ಪತ್ರೆಯವರು ಕೊಟ್ಟ ತಿಂಗಳ ಮಾತ್ರೆಗಳನ್ನು ಬೆಂಚಿನ ಮೇಲೆ ಹರಡಿ ಮೂರು ಪಾಲು ಮಾಡುತ್ತಿದ್ದರು!

ಎಲ್ಲ ಕಿತ್ತುಕೊಂಡೆ. ಈಗ ಬಸ್ಸಿನಲ್ಲಿ ಪಕ್ಕದಲ್ಲೇ, ಮುಖ ಕಿಟಕಿಯ ಕಡೆ ತಿರುಗಿಸಿಕೊಂಡು ಕೂತಿದ್ದಾರೆ. ಅವರ ಲೆಕ್ಕದಲ್ಲಿ ನಾನು ಇಬ್ಬರ ಪಾಲು ನುಂಗಿದವಳು.