ಗೌಡರ ಜೀಪಿನ ಬ್ರೇಕು

ಎಂಬತ್ತನೇ ಇಸವಿಯ ಆಸುಪಾಸು. ತರೀಕೆರೆಯ ನನ್ನ ರಿಪೇರಿ ಶೆಡ್ಡಿಗೆ ತೆಂಗಿನ ತೋಟದ ಗೌಡರೊಬ್ಬರು ಜೀಪು ತಂದರು. ಪೆಡಲ್‌ನಿಂದ ಕಾಲು ತೆಗೆದರೂ ಬ್ರೇಕು ಬಿಡುತ್ತಿರಲಿಲ್ಲ. ಜಾಕ್ ಕೊಟ್ಟು ಎತ್ತಿ ಕೈಯಿಂದ ತಿರುಗಿಸಿದೆ. ನಾಲ್ಕು ಚಕ್ರವೂ ಬಿಗಿ. ಡ್ರಮ್ಮುಗಳು ಹಂಚಿನಂತೆ ಕಾದಿದ್ದವು. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದರೆ ಕೊಬ್ಬರಿ ಎಣ್ಣೆಯ ವಾಸನೆ! ಆ ಎಣ್ಣೆಗೆ ಒಳಗಿನ ರಬ್ಬರೆಲ್ಲ ಉಬ್ಬಿ ಬ್ರೇಕು ಕಚ್ಚಿಕೊಂಡಿತ್ತು.

"ನಮ್ಮ ಗಾಣದ್ದೇ ಕಣಯ್ಯ, ಒಂದ್ ಚೂರೂ ಕಲಬೆರಕೆ ಇಲ್ಲ. ಸುಮ್ನೆ ಬ್ರೇಕ್ ಸಡಿಲ ಮಾಡ್ಕೊಡು, ಹೆಬ್ಬೆ ಗುಡ್ಡದ ಕಡೆ ಹೋಗ್ಬೇಕು" ಅಂದರು ಗೌಡರು.

ನನಗೆ ರೇಗಿತು. "ಸುಮ್ನೆ ಸಡಿಲ ಮಾಡಿದ್ರೆ ಆ ಇಳಿಜಾರಲ್ಲಿ ಬ್ರೇಕೇ ಹಿಡಿಯಲ್ಲ. ರಬ್ಬರ್ ಬದಲಾಯಿಸ್ದೆ ಜೀಪ್ ಕೊಡಲ್ಲ."

"ಜೀಪ್ ನಂದು ಕಣೋ!"

ನಾಲ್ಕೂ ಚಕ್ರ ಬಿಚ್ಚಿ ಒಳಗಿಟ್ಟು ಬೀಗ ಹಾಕಿದೆ.

"ನಿಮ್ದೇ ಗೌಡ್ರೆ, ತಗೊಂಡ್ಹೋಗಿ."