ಬರಿಯ ಚೀಟಿಗಳು

ಅವರ ಹೆಬ್ಬೆರಳಿನ ಮೇಲೆ ಮೈದಾ ಅಂಟು ಒಣಗಿ, ಉಳ್ಳಾಗಡ್ಡಿಯ ಸಿಪ್ಪೆಯಂತೆ ಏಳುತ್ತಿತ್ತು. ಮಾತಾಡುತ್ತಲೇ ಅದನ್ನು ಸುಲಿಯುತ್ತ ಕೂಡುವರು. ಆಳಂದದಲ್ಲಿ ನಮ್ಮ ಮನೆಯ ಎದುರಿಗೇ ಅವರ ಪುಸ್ತಕ ಬೈಂಡಿಂಗ್ ಅಂಗಡಿ. ಓಣಿಯ ಮಕ್ಕಳಿಗೆಲ್ಲ ಅವರು ಕಾಕಾ.

ನಾನಾಗ ಗುಲ್ಬರ್ಗಾದ ಕಾನ್ವೆಂಟಿನಲ್ಲಿ ಏಳನೆಯ ತರಗತಿ. ರಜೆಗೆ ಬಂದೊಡನೆ ಕಾಕಾ ಸೊಲ್ಲಾಪುರದಿಂದ ತರಿಸಿದ ಇಂಗ್ಲಿಷ್ ಕಾಮಿಕ್ಸ್ ಮುಂದಿಟ್ಟು, "ಈಂವ ಏನ್ ಅಂತಾನ ನೋಡವ್ವ" ಎನ್ನುವರು. ಅದರಲ್ಲಿ ನೀಲಿ ಪೇಟದ ಒಬ್ಬ ಜಾದೂಗಾರ, ಅವನ ಬದ್ಧವೈರಿ ಹಸಿರು ಕಣ್ಣಿನ ಮಾಂತ್ರಿಕ. ನಾನು ಮೆಲ್ಲಗೆ ಅರ್ಥ ಹೇಳಬೇಕು. ಅವರು ಸಣ್ಣ ಬಿಳಿ ಚೀಟಿಯ ಮೇಲೆ ಕನ್ನಡದಲ್ಲಿ ಬರೆದು, ಚಿತ್ರದವರ ಮಾತಿನ ಗುಳ್ಳೆಗಳ ಮೇಲೆ ಅಂಟಿಸುವರು. ಓದುವವಳು ಒಳಗೆ ಹೊರಸಿನ ಮೇಲೆ ಮಲಗಿರುತ್ತಿದ್ದ ಅವರ ಒಂಬತ್ತು ವರ್ಷದ ಮಗಳು. ನಾಲ್ಕು ಹೆಜ್ಜೆ ನಡೆದರೆ ಅವಳ ಉಗುರುಗಳು ನೀಲಿಯಾಗುತ್ತಿದ್ದವು.

ಓಣಿಯವರು ಅದನ್ನು ಭಾನಾಮತಿ ಎಂದರು, ಯಾರೋ ಮಾಟ ಮಾಡಿಸಿದ್ದಾರೆ ಎಂದರು. ಹುಡುಗಿ ಅದನ್ನೇ ನಂಬಿದ್ದಳು. ಡಾಕ್ಟರು ಹೇಳಿದ್ದೇ ಬೇರೆ. ಕಾಕಾ ಅದನ್ನು ನನ್ನ ಅಪ್ಪನಿಗೆ ಹೇಳುವಾಗ ನನ್ನ ಕಿವಿಗೂ ಬಿತ್ತು: "ಎದ್ಯಾಗ ತೂತದ ಅಂತ ಕೂಸಿಗಿ ಹ್ಯಾಂಗ ಹೇಳ್ಲಿರಿ? ಮಾಂತ್ರಿಕನ್ನಾದ್ರ ಕಾಗದದ ಮ್ಯಾಲರೆ ಸೋಲಸ್ಬಹುದು."

ಅದಕ್ಕೇ ಅವರ ಚೀಟಿಗಳಲ್ಲಿ ಮಾಂತ್ರಿಕ ಶುದ್ಧ ಅಂಜುಬುರುಕ. ನಾನು "ನಿನ್ನ ಸುಟ್ಟು ಬೂದಿ ಮಾಡ್ತೇನಿ ಅಂತಾನ" ಎಂದರೆ, ಅವರು "ಎಪ್ಪಾ, ಹೊಡಿಬ್ಯಾಡೋ" ಎಂದು ಬರೆಯುವರು. ಒಳಗಿನಿಂದ ನಗು ಕೇಳುತ್ತಿತ್ತು.

"ಕಾಕಾ, ಇದು ಸುಳ್ಳಲ್ಲಾ?"

"ನಿಮ್ಮ ಕಾನ್ವೆಂಟಿನ ಸಿಸ್ಟರ್ ಮುಂದ ಹೇಳಬ್ಯಾಡ ಬೇ."

ಒಂದು ದೀಪಾವಳಿ ರಜೆಯಲ್ಲಿ, ಕಾಕಾ ಒಲೆಯ ಮೇಲಿನ ಅಂಟು ಕಲಕಲು ಹಿತ್ತಲಿಗೆ ಹೋಗಿದ್ದರು. ಹೊಸ ಸಂಚಿಕೆಗೆ ಇನ್ನೂ ಚೀಟಿ ಬಿದ್ದಿರಲಿಲ್ಲ. "ಅಕ್ಕಾ, ಕಡೀಕ ಏನಾಯ್ತು? ನೀನೇ ಓದಿ ಹೇಳು" ಎಂದಳು ಹುಡುಗಿ. ಕೊನೆಯ ಪುಟದಲ್ಲಿ ಜಾದೂಗಾರ ಸೊಂಟದವರೆಗೆ ಕಲ್ಲಾಗಿದ್ದ. ಮಾಂತ್ರಿಕ ನಗುತ್ತಿದ್ದ. ಉಳಿದದ್ದು ಮುಂದಿನ ಸಂಚಿಕೆಗೆ. ಸುಳ್ಳು ಹೇಳುವುದು ಪಾಪವೆಂದು ಕಲಿತ ನಾನು ಇದ್ದದ್ದನ್ನು ಇದ್ದಂತೆ ಓದಿದೆ.

ಅವಳು ತನ್ನ ಪಾದ ಮುಟ್ಟಿ ನೋಡಿಕೊಂಡಳು. "ನನ್ನವೂ ತಣ್ಣಗಾಗ್ಯಾವ" ಎಂದಳು.

ಆಮೇಲೆ ಕಾಕಾ ಎಷ್ಟು ಚೀಟಿ ಅಂಟಿಸಿದರೂ ಅವಳು ನಂಬಲಿಲ್ಲ. ನಾನು ಹಾಸ್ಟೆಲಿಗೆ ಮರಳಿದ ಮೇಲೆ, ಚಳಿಗಾಲ ಮುಗಿಯುವ ಮೊದಲೇ ತೀರಿಹೋದಳು. ಕೊನೆಕೊನೆಗೆ ಕಾಲಿನ ಮೇಲೆ ಕೌದಿ ಹೊದಿಸಲು ಬಿಡುತ್ತಿರಲಿಲ್ಲವಂತೆ. ಕಲ್ಲು ಎಲ್ಲಿಯವರೆಗೆ ಬಂತೆಂದು ನೋಡುತ್ತಿರಬೇಕಿತ್ತಂತೆ.

ಬೇಸಿಗೆಗೆ ಬಂದಾಗ ಮುಂದಿನ ಸಂಚಿಕೆ ಅಂಗಡಿಯಲ್ಲಿತ್ತು. ಕಾಕಾ ಅದನ್ನು ಬಿಚ್ಚಿರಲೇ ಇಲ್ಲ. ನಾನು ಅಳುತ್ತ ಓದಿ ಹೇಳಿದೆ. ಜಾದೂಗಾರ ಗೆದ್ದಿದ್ದ. ಅವರು ಎಂದಿನಂತೆ ಚೀಟಿ ಕತ್ತರಿಸಿದರು. ಏನನ್ನೂ ಬರೆಯದೆ, ಒಂದೊಂದು ಗುಳ್ಳೆಯ ಮೇಲೂ ಬರಿಯ ಚೀಟಿ ಅಂಟಿಸಿದರು.

"ಅಕಿ ಓದಲಾರದ್ದು ಯಾರೂ ಓದೂದು ಬ್ಯಾಡ. ನೀ ಅಳಬ್ಯಾಡ ಬೇ. ನೀ ಖರೇ ಓದಿದಿ. ಖರೇ ತಡಕೊಳ್ಳೂದು ನಾನೇ ಅಕಿಗಿ ಕಲಸ್ಲಿಲ್ಲ."

ನನ್ನ ಮದುವೆಯ ವರ್ಷವೇ ಕಾಕಾ ಹೋದರು. ಅದಕ್ಕೂ ಮೊದಲು ಎಲ್ಲ ಸಂಚಿಕೆ ಸೇರಿಸಿ, ಕೆಂಪು ಬಟ್ಟೆಯ ರಟ್ಟು ಹಾಕಿ, ನನಗೆ ಕೊಟ್ಟಿದ್ದರು. ಈಗ ಅದು ಜೇವರ್ಗಿಯ ನನ್ನ ಮನೆಯ ಕಪಾಟಿನಲ್ಲಿದೆ. ಅಂಟು ಹಳತಾಗಿ ಕೊನೆಯ ಪುಟದ ಚೀಟಿಗಳು ಆಗಾಗ ಏಳುತ್ತವೆ, ಜಾದೂಗಾರನ ಗೆಲುವಿನ ಮಾತು ಅಡಿಯಿಂದ ಇಣುಕುತ್ತದೆ. ಆಗ ಒಂದು ಚಮಚ ಮೈದಾ ಕುದಿಸಿ, ಅವನ್ನು ಮತ್ತೆ ಅಂಟಿಸಿ, ಒಣಗುವ ತನಕ ಹೆಬ್ಬೆರಳಿನಿಂದ ಒತ್ತಿ ಹಿಡಿಯುತ್ತೇನೆ.